ಸಂಪಾದಕರ ಉತ್ತರ: ಸ್ಪಾರ್ಕ್ ಪ್ಲಗ್ಗಿಗೂ ಈಜುಡುಗೆಗೂ ಏನು ನಂಟು?

ಮಾನ್ಯರೇ,

ಕಳೆದ ಸಂಚಿಕೆಯ ಹಳೆಯ ಅಮೆರಿಕನ್ ಪಿನ್-ಅಪ್ ಚಿತ್ರಗಳು, ಅಂದರೆ ಗೋಡೆಗೆ ಹಾಕಿಕೊಳ್ಳಲೆಂದೇ ಬರೆದ ಚೆಲುವೆಯರ ಚಿತ್ರಗಳು, ನಿಮಗೆ ಸಿಟ್ಟು ತರಿಸಿವೆ. "ಸ್ಪಾರ್ಕ್ ಪ್ಲಗ್ ಮಾರುವವನಿಗೆ ಈಜುಡುಗೆಯ ಹುಡುಗಿ ಯಾಕೆ? ಇಂಥದ್ದನ್ನು ನೀವು ಮತ್ತೆ ಅಚ್ಚು ಹಾಕುವುದು ಯಾಕೆ?" ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ವ್ಯಾಪಾರದ ಲೆಕ್ಕದಲ್ಲಿದೆ. ಅಮೆರಿಕದ ಸೇಂಟ್ ಪಾಲ್ ನಗರದ ಬ್ರೌನ್ ಆಂಡ್ ಬಿಗಲೋ 1896ರಲ್ಲಿ ಶುರುವಾದ ಕ್ಯಾಲೆಂಡರ್ ಕಂಪನಿ. ಚಿತ್ರ ಮೊದಲೇ ತಯಾರು. ಗ್ಯಾರೇಜಿನವನೋ ಹಾರ್ಡ್‌ವೇರ್ ಅಂಗಡಿಯವನೋ ಕೊಂಡರೆ ಕೆಳಗಿನ ಖಾಲಿ ಜಾಗದಲ್ಲಿ ಅವನ ಹೆಸರು ಅಚ್ಚಾಗುತ್ತಿತ್ತು. ಹುಡುಗಿ ಪ್ಲಗ್ ಮಾರುತ್ತಿರಲಿಲ್ಲ, ಆ ಹೆಸರು ವರ್ಷವಿಡೀ ಗೋಡೆಯಿಂದ ಇಳಿಯದಂತೆ ನೋಡಿಕೊಳ್ಳುತ್ತಿದ್ದಳು. ನಮ್ಮ ಜವಳಿ ಅಂಗಡಿಯವರು ಲಕ್ಷ್ಮಿಯ ಕ್ಯಾಲೆಂಡರ್ ಹಂಚುವಾಗ ಹಾಕುವ ಲೆಕ್ಕವೂ ಇದೇ. ಬಾಯ್ ಸ್ಕೌಟ್ಸ್‌ಗಾಗಿ ನಾರ್ಮನ್ ರಾಕ್‌ವೆಲ್ ಬರೆದ ಸಭ್ಯ ಚಿತ್ರಗಳ ಕ್ಯಾಲೆಂಡರ್ ಮಾರಿದ್ದೂ ಇದೇ ಬ್ರೌನ್ ಆಂಡ್ ಬಿಗಲೋ!

ಆದರೆ ನಿಮ್ಮ ಸಿಟ್ಟಿಗೆ ಕಾರಣವಿಲ್ಲ ಎನ್ನಲಾರೆ. ಈ ಕಂಪನಿಯ ಹೆಸರಾಂತ ಕಲಾವಿದ ಗಿಲ್ ಎಲ್ವ್‌ಗ್ರೆನ್‌ನ ಚಿತ್ರಗಳನ್ನೇ ನೋಡಿ. ಲಂಗ ಎಲ್ಲೋ ಸಿಕ್ಕಿಕೊಳ್ಳುತ್ತದೆ, ಗಾಳಿ ಬೀಸುತ್ತದೆ, ಹುಡುಗಿ "ಅಯ್ಯೋ" ಎಂಬಂತೆ ಬಾಯಿ ತೆರೆಯುತ್ತಾಳೆ. ಎಲ್ಲವೂ ಆಕಸ್ಮಿಕ. ತೋರಿಸಿದ ತಪ್ಪು ಅವಳದಲ್ಲ, ನೋಡಿದ ತಪ್ಪು ನೋಡುಗನದೂ ಅಲ್ಲ. ನನ್ನ ಮಟ್ಟಿಗೆ ಬಟ್ಟೆ ಕಡಿಮೆಯಾದದ್ದಕ್ಕಿಂತ ಈ ಜಾಣತನವೇ ಹೆಚ್ಚು ಕಿರಿಕಿರಿ. ಝೋಯಿ ಮೋಜರ್ಟ್ ಎಂಬ ಕಲಾವಿದೆ ಮಾತ್ರ ಎಷ್ಟೋ ಸಲ ಕನ್ನಡಿಯೆದುರು ತಾನೇ ಕೂತು ತನ್ನನ್ನೇ ಬರೆದುಕೊಂಡಳು. ಉಳಿದ ಹೆಚ್ಚಿನ ಚಿತ್ರಗಳಲ್ಲಿ ಅಂಗಡಿಯ ಹೆಸರುಂಟು, ಕಲಾವಿದನ ಸಹಿಯುಂಟು, ಹುಡುಗಿಯ ಹೆಸರಿಲ್ಲ.

ಕಲಾವಿದನ ಹೆಸರಾದರೂ ಅವನದಾಗಿ ಉಳಿಯಿತೇ? ಪೆರುವಿನಿಂದ ಬಂದ ಅಲ್ಬರ್ಟೋ ವರ್ಗಾಸ್ 1940ರಿಂದ ಎಸ್ಕ್ವೈರ್ ಎಂಬ ಅಮೆರಿಕದ ಗಂಡಸರ ಪತ್ರಿಕೆಗೆ ಇಂಥ ಚಿತ್ರಗಳನ್ನು ಬರೆದ. ಪತ್ರಿಕೆ ಅವನ ಹೆಸರಿನ ಬಾಲ ಕತ್ತರಿಸಿ 'ವರ್ಗಾ ಗರ್ಲ್' ಎಂದು ಮೆರೆಸಿತು. ಮಹಾಯುದ್ಧದ ಸೈನಿಕರು ಆ ಪುಟಗಳನ್ನು ಹರಿದು ಗೋಡೆಗೆ ಅಂಟಿಸಿಕೊಂಡರು. ಜಗಳವಾಗಿ ಅವನು ಬಿಟ್ಟ ಮೇಲೆ ಉಳಿದ ಚಿತ್ರಗಳು ಸಹಿಯಿಲ್ಲದೆ 'ಎಸ್ಕ್ವೈರ್ ಗರ್ಲ್' ಎಂದು ಅಚ್ಚಾದವು. ಕೋರ್ಟಿಗೆ ಹೋದ, ಕರಾರಿನ ಪ್ರಕಾರ ಚಿತ್ರ, ಹೆಸರು ಎರಡೂ ಪತ್ರಿಕೆಯವೇ ಎಂದು 1947ರಲ್ಲಿ ಮೇಲ್ಮನವಿಯ ತೀರ್ಪು ಬಂತು.

ಇದರಲ್ಲಿ ಬರುವುದರಿಂದ ಜನರಿಗೆ ಒಳಿತಿಲ್ಲ ಎಂದು ಇದೇ ಪತ್ರಿಕೆಯ ಅಂಚೆ ರಿಯಾಯಿತಿಯನ್ನು 1943ರಲ್ಲಿ ಅಮೆರಿಕದ ಪೋಸ್ಟ್‌ಮಾಸ್ಟರ್ ಜನರಲ್ ರದ್ದು ಮಾಡಿದ್ದರು. ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್ ಹೊರೆ. (ಅಂಚೆ ರಿಯಾಯಿತಿಯ ಬೆಲೆ ಪತ್ರಿಕೆ ನಡೆಸುವವರನ್ನು ಕೇಳಬೇಕು!) ಯಾವ ಪತ್ರಿಕೆ ಒಳ್ಳೆಯದೆಂದು ತೂಗುವುದು ಅಂಚೆಯವರ ಕೆಲಸವಲ್ಲ ಎಂದು 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ತಳ್ಳಿಹಾಕಿತು. ಆ ಮಾತು ನನಗೂ ಒಪ್ಪಿಗೆ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಅದೇ. ಇವು ಒಂದು ಕಾಲದ ಮಾರುಕಟ್ಟೆಯ ದಾಖಲೆಗಳು. ಮುಚ್ಚಿಟ್ಟರೆ ನೀವು ಕೇಳಿದ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ಉಳಿದರ್ಧ ಮುಂದಿನ ಸಂಚಿಕೆಯಲ್ಲಿ. ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಬಂದ ಮೊದಲ ಭಾರತೀಯ ತಾರೆ. ಅಲ್ಲಿ ಮಾರಾಟಕ್ಕೆ ಬೇಕಾದದ್ದೇ ಆಕೆಯ ಹೆಸರು. ಆ ಬಗೆಯ ಜಾಹೀರಾತುಗಳ ಮೇಲೊಂದು ಲೇಖನ ಸಿದ್ಧವಾಗುತ್ತಿದೆ. ಓದಿ, ಒಪ್ಪದಿದ್ದರೆ ಇಷ್ಟೇ ಖಾರವಾಗಿ ಬರೆಯಿರಿ.

— ಸಂಪಾದಕ