ಸಮಾನತೆಯನ್ನು ಓದಲು ಹೊರಟವರು ಸಾಕ್ಷ್ಯದ ಕಾನೂನನ್ನು ಬಿಡಬಹುದೇ?

ಬಿ.ಎ. ಮುಗಿಸಿ ತುಮಕೂರಿನಲ್ಲಿರುವ ನೀವು ಸಮಾನತೆ, ತಾರತಮ್ಯ, ಸಾಮಾಜಿಕ ನ್ಯಾಯಗಳನ್ನಷ್ಟೇ ಓದಬೇಕೆಂದೂ, ಸಾಕ್ಷ್ಯ, ದಂಡ ಪ್ರಕ್ರಿಯೆಯಂತಹ ‘ಒಣ ವಿಷಯ’ಗಳಿರುವ ಎಲ್‌ಎಲ್‌.ಬಿ. ಬಿಟ್ಟು ಎಂ.ಎ. ಸೇರಬಹುದೇ ಎಂದೂ ಕೇಳಿದ್ದೀರಿ. 2011ರಲ್ಲಿ ನಾನೂ ಹೀಗೆಯೇ ಯೋಚಿಸುತ್ತಿದ್ದೆ.

ನನ್ನದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಆಗ ಕೋಲಾರದಲ್ಲಿ ಕಾನೂನಿನ ಎರಡನೇ ವರ್ಷದಲ್ಲಿದ್ದೆ. ಸಂವಿಧಾನದಲ್ಲಿ ಸಮಾನತೆಯನ್ನು ಹೇಳುವ 14, 15ನೇ ವಿಧಿಗಳೂ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಯೂ ಬಾಯಿಪಾಠವಾಗಿದ್ದವು. ಸಾಕ್ಷ್ಯ ಅಧಿನಿಯಮದ ತರಗತಿಗೆ ಮಾತ್ರ ಹೋಗುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ದೊಡ್ಡಮ್ಮ, ಊರಿನ ಹೋಟೆಲಿನಲ್ಲಿ ತಮಗೆ ಬೇರೆ ಲೋಟ ಕೊಟ್ಟದ್ದನ್ನು ಕೇಳಿದ್ದಕ್ಕೆ, ಮಾಲೀಕ ಅವರನ್ನು ಬೀದಿಯಲ್ಲಿ ನಾಲ್ಕು ಜನರೆದುರು ಜಾತಿ ಹಿಡಿದು ಬೈದ. ದೂರು ಬರೆಯುವ ಕೆಲಸ ಓದಿದ ಹುಡುಗನಾದ ನನ್ನ ಪಾಲಿಗೆ ಬಂತು.

ಮೂರು ಪುಟ ಬರೆದೆ. 17ನೇ ವಿಧಿಯಿಂದ ಆರಂಭಿಸಿ, ಅಂಬೇಡ್ಕರರ ಹೋರಾಟವನ್ನು ವಿವರಿಸಿ, ಘಟನೆಯನ್ನು ಮಾತ್ರ ‘ಜಾತಿ ನಿಂದನೆ ಮಾಡಿ ಘನತೆಗೆ ಕುಂದು ತಂದಿರುತ್ತಾರೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದೆ. ಆಡಿದ ಮಾತು ಯಾವುದು, ಆಡಿದ್ದು ಒಳಗೋ ಬೀದಿಯಲ್ಲೋ, ಕೇಳಿಸಿಕೊಂಡವರು ಯಾರು ಎಂಬುದೊಂದೂ ಅದರಲ್ಲಿರಲಿಲ್ಲ. ದೊಡ್ಡಮ್ಮ ಆ ಬೈಗುಳವನ್ನು ನನ್ನೆದುರು ಎರಡು ಸಲ ಹೇಳಿದ್ದರು. ಸಭ್ಯವಲ್ಲವೆಂದು ನಾನೇ ಬಿಟ್ಟೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಅಧಿನಿಯಮದ 3ನೇ ಕಲಮಿನಡಿ ಇಂತಹ ಅವಮಾನ ಅಪರಾಧವಾಗಬೇಕಾದರೆ ಅದು ಉದ್ದೇಶಪೂರ್ವಕವಾಗಿರಬೇಕು, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ನಡೆದಿರಬೇಕು. ನಾನು ಬಿಟ್ಟಿದ್ದು ಸರಿಯಾಗಿ ಅದನ್ನೇ.

ಲೋಟದ ವಿಷಯವೂ ನನಗೆ ಚಿಕ್ಕದಾಗಿ ಕಂಡಿದ್ದರಿಂದ ದೂರಿಗೆ ಸೇರಲಿಲ್ಲ. ಅದು ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಿಸುವ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೇ ಕಲಮಿಗೆ ಬರುತ್ತದೆ. ಅಂತಹ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ, ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದೆಯೆಂದು ನ್ಯಾಯಾಲಯ ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು ಎಂದು ಅದೇ ಅಧಿನಿಯಮದ 12ನೇ ಕಲಂ ಹೇಳುತ್ತದೆ. ಕೈಯಲ್ಲಿದ್ದ ಆ ಅನುಕೂಲವನ್ನು ನಾನು ಅರಿಯದೆ ಚೆಲ್ಲಿದೆ.

ವಿಚಾರಣೆಯಲ್ಲಿ ದೊಡ್ಡಮ್ಮ ಎಲ್ಲವನ್ನೂ ತಡವರಿಸದೆ ಹೇಳಿದರು. ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರು ಕೇಳಿದ್ದು ಒಂದೇ: ‘ಇದು ದೂರಿನಲ್ಲಿ ಏಕಿಲ್ಲ?’ ದೂರಿನ ಮೇಲೆ ಪೊಲೀಸರು ದಾಖಲಿಸುವ ಪ್ರಥಮ ವರ್ತಮಾನ ವರದಿಯಲ್ಲಿ (ಎಫ್‌ಐಆರ್) ಎಲ್ಲ ವಿವರವೂ ಇರಬೇಕಿಲ್ಲವೆಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ, ಆದರೆ ಅಪರಾಧದ ತಿರುಳೇ ಇಲ್ಲದಿದ್ದಾಗ ಆ ಮಾತು ನೆರವಿಗೆ ಬರಲಿಲ್ಲ. ಅವರ ಹೇಳಿಕೆ ‘ನಂತರ ಸೇರಿಸಿದ್ದು’ ಎನಿಸಿಕೊಂಡು ಮಾಲೀಕ ಖುಲಾಸೆಯಾದ. ಸುಳ್ಳುಗಾರ್ತಿ ಎಂಬ ಹೆಸರು ಊರಿನಲ್ಲಿ ಉಳಿದದ್ದು ದೊಡ್ಡಮ್ಮನಿಗೆ.

ಆದುದರಿಂದ ಸಾಕ್ಷ್ಯವು ಸಮಾನತೆಯಿಂದ ಬೇರೆಯಾದ ಒಣ ವಿಷಯ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ 7 ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ, ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದಾಗ 17ನೇ ವಿಧಿ ಇದ್ದಲ್ಲಿಯೇ ಇತ್ತು. ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆಂದು ದೌರ್ಜನ್ಯ ತಡೆ ಅಧಿನಿಯಮಕ್ಕೆ ಸೇರಿಸಿದ 15ಎ ಕಲಂ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ.

ಎಂ.ಎ. ಕೆಟ್ಟದ್ದೆಂದು ಹೇಳುತ್ತಿಲ್ಲ, ಬೇಕಿದ್ದರೆ ಆಮೇಲೆ ಮಾಡಿ. ಈಗ ಎಲ್‌ಎಲ್‌.ಬಿ. ಸೇರಿ, ತುಮಕೂರಿನ ಜಿಲ್ಲಾ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ವಾರಕ್ಕೊಂದು ದಿನ ಕುಳಿತು ಪಾಟೀ ಸವಾಲು ಕೇಳಿ. ದಲಿತರು ಕೊಳವೆ ಬಾವಿಯ ನೀರು ತೆಗೆಯದಂತೆ ತಡೆದ ಅಪ್ಪಾ ಬಾಳು ಇಂಗಳೆ ಪ್ರಕರಣ ಕರ್ನಾಟಕದ್ದೇ. ಹೈಕೋರ್ಟ್ ಬಿಡುಗಡೆ ಮಾಡಿದ್ದ ಆರೋಪಿಗಳ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಮತ್ತೆ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಅಸ್ಪೃಶ್ಯತೆಯ ಕುರಿತ ದೀರ್ಘ ವಿವೇಚನೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನೀವು ಮೊದಲು ಸಾಕ್ಷಿಗಳು ಏನು ಹೇಳಿದರು ಎಂಬ ಭಾಗವನ್ನು ಓದಿ.