ಸಿ.ಆರ್.ಪಿ. ಏರಿದರೆ ಆಯುಷ್ಯ ಕಡಿಮೆಯೇ?

ಪ್ರಶ್ನೆ: ನನ್ನ ಅತ್ತೆಗೆ 66 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಅಡುಗೆ, ಬಚ್ಚಲ ನೀರು, ಅಡಿಕೆ ಬೇಯಿಸುವುದು ಎಲ್ಲವೂ ಕಟ್ಟಿಗೆ ಒಲೆಯಲ್ಲೇ. ಅವರಿಗೆ ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇದೆ. ಈ ಸಲದ ಅಡಿಕೆ ಕೊನೆಕೊಯ್ಲಿನಲ್ಲಿ ಜ್ವರ, ಹಳದಿ ಕಫ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಸಿ.ಆರ್.ಪಿ. 42, ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 340 ಎಂದು ಬಂತು. ಸಿ.ಆರ್.ಪಿ. ಹೆಚ್ಚಿದ್ದವರು ಬಹಳ ದಿನ ಉಳಿಯುವುದಿಲ್ಲ ಎಂದು ನೆಂಟರೊಬ್ಬರು ಹೇಳಿದ ಮೇಲೆ ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ಅದನ್ನು ಇಳಿಸುವ ಮಾತ್ರೆ ಇದೆಯೇ ಡಾಕ್ಟರೇ?
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ಅತ್ತೆಯವರಿಗೆ ಊಟ ಬಡಿಸಿ. ಈ ಕಾಯಿಲೆಯಲ್ಲಿ ತೂಕ ಇಳಿಯುವುದನ್ನು ಕಂಡರೆ ನನಗೆ ಆಗುವಷ್ಟು ಆತಂಕ ಆ 42ನ್ನು ಓದಿ ಆಗಲಿಲ್ಲ.

ಸಿ.ಆರ್.ಪಿ. ಯಕೃತ್ತಿನಲ್ಲಿ ತಯಾರಾಗುವ ಒಂದು ಪ್ರೋಟೀನು. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ಮೈಯಲ್ಲಿ ಎಲ್ಲಿ ಉರಿಯೂತವಾದರೂ ಇದು ಏರುತ್ತದೆ. ಮೂತ್ರದ ಸೋಂಕು, ಸಂಧಿವಾತ, ಕವಳ (ಎಲೆಅಡಿಕೆ) ಹಾಕಿ ಹಾಕಿ ಕೆಟ್ಟ ವಸಡು, ಯಾವುದಾದರೂ ಸಾಕು. ಕಾರಣ ಅಡಗಿದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧದಷ್ಟು ಇಳಿಯುತ್ತದೆ. ನೀವು ಪರೀಕ್ಷೆ ಮಾಡಿಸಿದ್ದು ಜ್ವರ ಇದ್ದಾಗ. ಆಗ 42 ಬಂದಿದ್ದರಿಂದ ಅವರ ಮುಂದಿನ ವರ್ಷಗಳ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ.

ನಿಮ್ಮ ನೆಂಟರ ಮಾತಿಗೆ ಒಂದು ಮೂಲವೇನೋ ಇದೆ. ಸಿ.ಒ.ಪಿ.ಡಿ. ರೋಗಿಗಳ ಮೇಲೆ ನಡೆದ ಎಕ್ಲಿಪ್ಸ್ ಎಂಬ ದೊಡ್ಡ ಅಧ್ಯಯನದಲ್ಲಿ ಸಿ.ಆರ್.ಪಿ., ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು), ಬಿಳಿ ರಕ್ತಕಣ ಸೇರಿದಂತೆ ಉರಿಯೂತದ ಆರು ಸೂಚಕಗಳನ್ನು ರೋಗಿಗಳು ಸ್ಥಿರವಾಗಿದ್ದಾಗ ಒಂದು ವರ್ಷದ ಅಂತರದಲ್ಲಿ ಎರಡು ಸಲ ಅಳೆದರು. ಎರಡು ಸಲವೂ ಕನಿಷ್ಠ ಎರಡು ಸೂಚಕಗಳು ಏರಿಯೇ ಇದ್ದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 13 ಮಂದಿ ತೀರಿಕೊಂಡರು. ಯಾವುದೂ ಏರದವರಲ್ಲಿ ನೂರಕ್ಕೆ 2 ಮಂದಿ. ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಮೊದಲ ಗುಂಪಿನಲ್ಲೂ ನೂರಕ್ಕೆ 87 ಮಂದಿ ಬದುಕಿದ್ದರು ಎಂಬುದನ್ನು ಅತ್ತೆಯವರಿಗೆ ದಯವಿಟ್ಟು ಹೇಳಿ. ಅವರೆಲ್ಲ ಧೂಮಪಾನದ ಹಿನ್ನೆಲೆಯವರು ಕೂಡ. ನಮ್ಮ ಜಿಲ್ಲೆಯಲ್ಲಿ ಒಲೆಯ ಹೊಗೆ ಕುಡಿದು ಶ್ವಾಸಕೋಶ ಕಳೆದುಕೊಂಡ ಹೆಂಗಸರಿಗೆ ಆ ಅಂಕಿಗಳನ್ನು ಹಾಗೆಯೇ ಅನ್ವಯಿಸಲಾಗದು.

ಸಿ.ಆರ್.ಪಿ.ಯನ್ನೇ ಗುರಿಯಾಗಿಸಿ ಮಾತ್ರೆ ಕೊಡುವುದರಲ್ಲಿ ಅರ್ಥವಿಲ್ಲ. ಉರಿಯೂತವನ್ನೂ ತಗ್ಗಿಸೀತೆಂದು ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನು ಸಿ.ಒ.ಪಿ.ಡಿ. ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಕಾಯಿಲೆ ಉಲ್ಬಣಿಸುವುದು ಕಡಿಮೆಯಾಗಲಿಲ್ಲ.

ನಿಮ್ಮ ವರದಿಯಲ್ಲಿ ಚಿಕಿತ್ಸೆಗೆ ನೆರವಾಗುವ ಸಂಖ್ಯೆ ಇಯೊಸಿನೊಫಿಲ್. ಪದೇ ಪದೇ ಉಲ್ಬಣಿಸುವವರಲ್ಲಿ ಅದು 300 ದಾಟಿದ್ದರೆ ಸ್ಟೀರಾಯ್ಡ್ ಇರುವ ಇನ್‌ಹೇಲರ್‌ನಿಂದ ಲಾಭ ಹೆಚ್ಚು. 100ಕ್ಕಿಂತ ಕೆಳಗಿದ್ದರೆ ಲಾಭ ಅತ್ಯಲ್ಪ. ಆದರೆ ಬರಿಗಾಲಲ್ಲಿ ತೋಟ ಸುತ್ತುವವರಿಗೆ ಕೊಕ್ಕೆಹುಳುವಿನಿಂದಲೂ ಅದು ಏರುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಇಳಿಯುತ್ತದೆ. ಅತ್ತೆ ಪೂರ್ತಿ ಚೇತರಿಸಿಕೊಂಡ ಮೇಲೆ ಇದನ್ನೂ ಸಿ.ಆರ್.ಪಿ.ಯನ್ನೂ ಇನ್ನೊಮ್ಮೆ ಮಾಡಿಸಿ, ಮಲ ಪರೀಕ್ಷೆಯನ್ನೂ ಕೇಳಿ.

ಮುಂದೇನು ಎಂದು ಅಂದಾಜಿಸಲು ವೈದ್ಯರು ಬಳಸುವ ಬೋಡ್ ಸೂಚ್ಯಂಕ 2004ರದು. ಅದರಲ್ಲಿ ರಕ್ತ ಪರೀಕ್ಷೆಯೇ ಇಲ್ಲ! ಎತ್ತರಕ್ಕೆ ತಕ್ಕ ತೂಕ, ಶ್ವಾಸಕೋಶದ ಬಲ ಅಳೆಯುವ ಊದುವ ಪರೀಕ್ಷೆ, ಏದುಸಿರಿನ ಮಟ್ಟ, ಆರು ನಿಮಿಷದಲ್ಲಿ ನಡೆಯುವ ದೂರ, ಇಷ್ಟೇ. ಇವುಗಳಲ್ಲಿ ಕೆಲವನ್ನು ಸುಧಾರಿಸುವುದು ನಿಮ್ಮ ಕೈಯಲ್ಲೂ ಇದೆ. ಅವರನ್ನು ದಿನವೂ ನಡೆಸಿ, ಮೊಟ್ಟೆಯೋ ಬೇಳೆಯೋ ಹಾಲೋ ಹೆಚ್ಚು ಕೊಡಿ. ತೋಟದಿಂದ ಮನೆಗೆ ಏರುವಾಗ ಹೋದ ವರ್ಷ ಎಲ್ಲಿ ನಿಲ್ಲುತ್ತಿದ್ದರು, ಈಗ ಎಲ್ಲಿ ನಿಲ್ಲುತ್ತಾರೆ ಎಂದು ಗಮನಿಸಿ ವೈದ್ಯರಿಗೆ ಹೇಳಿ. ನನಗಂತೂ ಅಂಥ ಮಾಹಿತಿ ಬಹಳ ಉಪಯೋಗಕ್ಕೆ ಬರುತ್ತದೆ. ಇನ್‌ಹೇಲರ್ ಎಳೆಯುವ ಕ್ರಮವನ್ನು ಅತ್ತೆಯವರು ವೈದ್ಯರೆದುರೇ ಮಾಡಿ ತೋರಿಸಲಿ. ಫ್ಲೂ, ನ್ಯುಮೋಕಾಕಸ್ ಲಸಿಕೆ ಹಾಕಿಸಿ. ಅಡಿಕೆ ಬೇಯಿಸುವ ಒಲೆಯ ಮುಂದೆ ಇನ್ನು ಅವರು ಕೂರಕೂಡದು. ಇದರಲ್ಲಿ ರಾಜಿ ಬೇಡ.

ಮಾತು ಮುಗಿಸಲಾಗದಷ್ಟು ದಮ್ಮು ಬಂದರೆ, ತುಟಿ ನೀಲಿಯಾದರೆ, ವಿಪರೀತ ಮಂಪರು ಕವಿದರೆ ಯಾವ ವರದಿಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.