ಉಪಗ್ರಹಕ್ಕೆ ಬದು ಕಾಣುತ್ತದಾ?

ಪುಣೆಯಲ್ಲಿ ಖಾಸಗಿ ಸರ್ವೆ ಮಾಡುತ್ತ 21 ವರ್ಷ ಆಯಿತು. ಮೂಲ ಇಂಡಿ ತಾಲ್ಲೂಕು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಜಿಪಿಎಸ್ ಅಳತೆ ಬಗ್ಗೆಯೇ ಇವೆ. ನಾಲ್ಕಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಸಾಸ್ವಡದ ಹತ್ತಿರ ನಮ್ಮ ತಂದೆ 1988ರಲ್ಲಿ ಕೊಂಡ 20 ಗುಂಟೆ ಜಮೀನಿದೆ. ತಂತಿಬೇಲಿ ಹಾಕಬೇಕೆಂದು ಹೋದರೆ ಪಕ್ಕದವರು "ನಾಲ್ಕು ಅಡಿ ನಮ್ಮದು" ಎಂದು ತಕರಾರು ತೆಗೆದರು. ಮೊಬೈಲ್ ಆ್ಯಪ್ ಹಿಡಿದು ಸುತ್ತ ನಡೆದೆ. ಒಮ್ಮೆ 18 ಗುಂಟೆ ಬಂತು, ಇನ್ನೊಮ್ಮೆ 22. ಒಬ್ಬ ಸರ್ವೆಯರ್ "ಜಿಪಿಎಸ್ ಮಷಿನ್ ಇಟ್ಟು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಹದ್ದು ತೋರಿಸ್ತೀನಿ" ಅನ್ನುತ್ತಾರೆ. ನಂಬಬಹುದಾ? — ಹಡಪ್ಸರದ ಓದುಗರು

ಉತ್ತರ: ಮೊದಲು ಆ್ಯಪ್ ವಿಷಯ ಮುಗಿಸೋಣ. ಬಯಲಲ್ಲಿ ನಿಂತರೂ ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ. ನಿಮ್ಮ 20 ಗುಂಟೆ ಚೌಕಾಕಾರ ಇದ್ದರೆ ಒಂದು ಬದಿ ಸುಮಾರು 45 ಮೀಟರ್. ಅದರಲ್ಲಿ ಐದು ಮೀಟರ್ ತಪ್ಪಿದರೆ ಎರಡು ಗುಂಟೆ ಹೋಯಿತು. ನಿಮಗೆ ಬಂದ 18 ಮತ್ತು 22ರಲ್ಲಿ ಆಶ್ಚರ್ಯ ಏನೂ ಇಲ್ಲ.

ಸರ್ವೆ ಮಷಿನ್ ಬೇರೆ ಜಾತಿ. ಉಪಗ್ರಹಗಳು 20,000 ಕಿ.ಮೀ. ಮೇಲಿಂದ ಕಳಿಸುವ ಸಿಗ್ನಲ್ ವಾತಾವರಣ ದಾಟಿ ಬರುವಾಗ ತಡವಾಗುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಡವಾದರೂ 30 ಸೆಂ.ಮೀ. ತಪ್ಪು. ಅದಕ್ಕೇ ನಾವು ಎರಡು ಮಷಿನ್ ಇಡುತ್ತೇವೆ. ಒಂದು ಗೊತ್ತಿರುವ ಜಾಗದಲ್ಲಿ ಅಲುಗಾಡದೆ ಕೂತಿರುತ್ತದೆ, ಅದು ಬೇಸ್. ಇನ್ನೊಂದನ್ನು ಕೋಲಿಗೆ ಸಿಕ್ಕಿಸಿ ಹೊಲದಲ್ಲಿ ತಿರುಗುತ್ತೇವೆ, ಅದು ರೋವರ್. ಆಕಾಶ ಹೇಳುವ ಸುಳ್ಳು ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ. ತಾನು ಎಲ್ಲಿದ್ದೇನೆ ಎಂದು ಬೇಸ್‌ಗೆ ಮೊದಲೇ ಗೊತ್ತು. ಹಾಗಾಗಿ ಸುಳ್ಳು ಎಷ್ಟು ಎಂದು ಲೆಕ್ಕ ಹಾಕಿ ರೇಡಿಯೋದಲ್ಲೋ ಮೊಬೈಲ್ ಡೇಟಾದಲ್ಲೋ ರೋವರ್‌ಗೆ ತಿಳಿಸುತ್ತದೆ. ಜೊತೆಗೆ ಸಿಗ್ನಲ್‌ನ 19 ಸೆಂ.ಮೀ. ಉದ್ದದ ಅಲೆಗಳನ್ನೇ ರೋವರ್ ಎಣಿಸುತ್ತದೆ. ಎಣಿಕೆ ಸರಿ ಕೂತಾಗ ಸ್ಕ್ರೀನಿನಲ್ಲಿ 'ಫಿಕ್ಸ್' ಎಂದು ಬರುತ್ತದೆ. ಆಗ ಒಂದೆರಡು ಸೆಂಟಿಮೀಟರ್ ನಿಖರತೆ ನಿಜ. 'ಫ್ಲೋಟ್' ಎಂದಿದ್ದರೆ ಎಣಿಕೆ ಇನ್ನೂ ಕೂತಿಲ್ಲ, ಆ ಪಾಯಿಂಟ್ ತೆಗೆದುಕೊಳ್ಳಬಾರದು. ಹುಣಸೆಮರದ ಕೆಳಗೆ, ತಗಡಿನ ಶೆಡ್ ಪಕ್ಕ ಫಿಕ್ಸ್ ಎಂದು ಬಂದರೂ ನಾನು ನಂಬುವುದಿಲ್ಲ. ಬಯಲಿಗೆ ಬಂದು ಎರಡು ಪಾಯಿಂಟ್ ತೆಗೆದು, ಅಲ್ಲಿಂದ ಟೇಪ್ ಹಿಡಿಯುತ್ತೇನೆ.

ಫಿಕ್ಸ್ ನೋಡಿ ನಾನೇ ಒಮ್ಮೆ ಮೋಸ ಹೋದೆ. ನಿಮ್ಮ ಸಾಸ್ವಡದ ಕಡೆಯೇ, ಒಂದು ಅಂಜೂರದ ತೋಟ. ಎರಡು ದಿನದ ಕೆಲಸ. ಮೊದಲ ದಿನ ಬೇಸ್ ಇಟ್ಟು, ಅದರ ಜಾಗವನ್ನು ಅದೇ ಕಂಡುಕೊಳ್ಳಲಿ ಎಂದು ಬಟನ್ ಒತ್ತಿದೆ. ಎರಡನೇ ದಿನ ಅದೇ ಗೂಟದ ಮೇಲೆ ಬೇಸ್ ಇಟ್ಟೆ. ನಿನ್ನೆಯ ಅಂಕಿ ಹಾಕುವ ಬದಲು ಅಭ್ಯಾಸಬಲದಿಂದ ಮತ್ತೆ ಅದೇ ಬಟನ್ ಒತ್ತಿದೆ. ಅದು ಬೇರೆ ಜಾಗ ಹೇಳಿತು, ನಾನು ನೋಡಲಿಲ್ಲ. ಮಧ್ಯಾಹ್ನದೊಳಗೆ ಏಳು ಗೂಟ ಹೊಡೆಸಿದ್ದೆ, ಸುಣ್ಣವೂ ಎಳೆದಾಗಿತ್ತು. ಊಟ ಮುಗಿಸಿ ಸುಮ್ನೆ ಬಾವಿಕಟ್ಟೆಯ ಮೂಲೆಗೆ ಕೋಲು ಹಿಡಿದೆ. ನಿನ್ನೆಯ ಮೂಲೆ ಇವತ್ತು 1.8 ಮೀಟರ್ ದೂರ ತೋರಿಸುತ್ತಿದೆ! ತೋಟದ ಯಜಮಾನರ ತಾಯಿ ಅಲ್ಲೇ ಕೂತಿದ್ದರು. "ರಾತ್ರಿ ಬಾವಿ ಎದ್ದು ನಡೆಯಿತಾ?" ಎಂದು ಕೇಳಿದರು. ಏಳೂ ಗೂಟ ಕೀಳಿಸಿದೆ. ಸ್ಕ್ರೀನಿನಲ್ಲಿ ಇಡೀ ದಿನ ಫಿಕ್ಸ್ ಎಂದೇ ಇತ್ತು. ಅವತ್ತಿನಿಂದ ದಿನದ ಮೊದಲ ಕೆಲಸ ಹಳೇ ಪಾಯಿಂಟ್ ಮುಟ್ಟುವುದು. ನಿಮ್ಮ ಸರ್ವೆಯರ್ ಹಾಗೆ ಮಾಡುತ್ತಾರಾ ಅಂತ ಕೇಳಿ. ಮಷಿನ್ ಯಾವ ಕಂಪನಿಯದು ಎನ್ನುವುದಕ್ಕಿಂತ ಇದು ಮುಖ್ಯ.

ಈಗ ನಿಮ್ಮ ನಾಲ್ಕು ಅಡಿಗೆ ಬರೋಣ. ಮಷಿನ್ ನೀವು ನಿಂತ ಜಾಗ ಎಲ್ಲಿದೆ ಎಂದು ಹೇಳುತ್ತದೆ. ಹದ್ದು ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ. ಹದ್ದು ಇರುವುದು ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯ ಹಳೇ ಅಳತೆ ಟಿಪ್ಪಣಿಯಲ್ಲಿ, ಗಟ್ (ಸರ್ವೆ ನಂಬರಿನಂಥ ತುಂಡು) ನಕ್ಷೆಯಲ್ಲಿ, ಉಳಿದಿದ್ದರೆ ಬಾಂದುಕಲ್ಲಿನಲ್ಲಿ. ಆ ಟಿಪ್ಪಣಿ ಬರೆದಿದ್ದು 33 ಅಡಿ ಸರಪಳಿ ಎಳೆದು. ಒಂದು ಸರಪಳಿಗೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ಕೂದಲೆಳೆ ಜಾಸ್ತಿ. ನಿಮ್ಮ ಪಕ್ಕದವರ ತಕರಾರು ಬರೀ ಎರಡು ಆಣೆಯದು! ಆಣೆ ಲೆಕ್ಕದಲ್ಲಿ ಬರೆದ ಕಾಗದವನ್ನು ಸೆಂಟಿಮೀಟರ್ ಮಷಿನ್‌ನಿಂದ ಓದಿದರೂ ಕಾಗದ ಸೆಂಟಿಮೀಟರ್ ಲೆಕ್ಕದ್ದಾಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ನೀವು 20 ಗುಂಟೆ ಎನ್ನುತ್ತೀರಿ. ಸಾತ್‌ಬಾರಾ (ಇಲ್ಲಿನ ಪಹಣಿ) ತೆಗೆದು ನೋಡಿ, ಅಲ್ಲಿ ಹೆಕ್ಟೇರ್ ಮತ್ತು ಆರ್ ಲೆಕ್ಕ ಇರುತ್ತದೆ. ಒಂದು ಆರ್ ಎಂದರೆ 100 ಚದರ ಮೀಟರ್. ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ, ಸುಮಾರು 101.17 ಚದರ ಮೀಟರ್. ಬಾಯಿಮಾತಿನಲ್ಲಿ ಎರಡೂ ಒಂದೇ ಮಾಡಿಬಿಡುತ್ತಾರೆ. 20 ಆರ್ ಕಾಗದ ಇಟ್ಟುಕೊಂಡು 20 ಗುಂಟೆ ಹುಡುಕಿದರೆ ಸುಮಾರು 250 ಚದರ ಅಡಿ ಸಿಗುವುದೇ ಇಲ್ಲ. ಪಕ್ಕದವರು ನುಂಗಿದರು ಎಂದು ಜಗಳಕ್ಕೆ ನಿಂತು, ಕೊನೆಗೆ ಈ ಲೆಕ್ಕ ತಿಳಿದು ಸುಮ್ಮನಾದವರನ್ನು ನಾನು ನೋಡಿದ್ದೇನೆ.

ಹಾಗಾದರೆ ಏನು ಮಾಡಬೇಕು? 'ಹದ್ ಕಾಯಂ ಮೋಜಣಿ'ಗೆ, ಅಂದರೆ ಹದ್ದು ಗುರುತಿಸುವ ಸರ್ಕಾರಿ ಅಳತೆಗೆ, ಅರ್ಜಿ ಹಾಕಿ. ಇ-ಮೋಜಣಿ ವೆಬ್‌ಸೈಟಿನಲ್ಲಿ ಆನ್‌ಲೈನಿನಲ್ಲೇ ಆಗುತ್ತದೆ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಸರ್ಕಾರಿ ಸರ್ವೆಯರ್ ಬರುತ್ತಾರೆ. ಅವರ ಕೈಯಲ್ಲೂ ಈಗ ರೋವರ್ ಇರುತ್ತದೆ. ಬೇಸ್ ಮಾತ್ರ ಹೊಲದಲ್ಲಿ ಇಡುವುದಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ಶಾಶ್ವತವಾಗಿ ನೆಟ್ಟ ಕೇಂದ್ರಗಳಿಂದ ಇಂಟರ್ನೆಟ್ ಮೂಲಕ ತಿದ್ದುಪಡಿ ಬರುತ್ತದೆ. ನನ್ನ ಬಾವಿ ನಡೆದ ಹಾಗೆ ಅಲ್ಲಿ ಆಗುವ ಸಂಭವ ಕಡಿಮೆ. ಅಳತೆ ಮುಗಿದ ಮೇಲೆ ಸಿಗುವ ನಕ್ಷೆಗೆ 'ಕ ಪ್ರತ್' ಎನ್ನುತ್ತಾರೆ. ಅದು ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಯಿಂದ 'ನಿಮತಾನಾ ಮೋಜಣಿ' (ಮರು ಅಳತೆ) ಕೇಳಬಹುದು. ನಿಮ್ಮ ಖಾಸಗಿ ಸರ್ವೆಯರ್ ಕೊಟ್ಟ ನಕ್ಷೆ ಎಷ್ಟೇ ಚೆಂದ ಇರಲಿ, ಪಕ್ಕದವರು ಒಪ್ಪದಿದ್ದರೆ ಅದರ ಜೋರು ಅಷ್ಟಕ್ಕಷ್ಟೇ. ಆ ಸರ್ವೆಯರನ್ನು ಆಮೇಲೆ ಕರೆಯಿರಿ. ಸರ್ಕಾರಿ ಕಲ್ಲು ನೆಟ್ಟ ದಿನವೇ ಅದರ ಮೇಲೆ ರೋವರ್ ಇಟ್ಟು ಕೋಆರ್ಡಿನೇಟ್ (ಆ ಜಾಗ ಹೇಳುವ ಅಂಕಿ) ಬರೆಸಿಕೊಳ್ಳಿ. ಟ್ರ್ಯಾಕ್ಟರ್ ಹೊಡೆತಕ್ಕೆ ಕಲ್ಲು ಹೋದರೂ ಅದೇ ಜಾಗ ಹತ್ತು ನಿಮಿಷದಲ್ಲಿ ಸಿಗುತ್ತದೆ. ನಮ್ಮಂಥವರ ನಿಜವಾದ ಉಪಯೋಗ ಇಲ್ಲಿ.

ಪ್ರಶ್ನೆ: ಊರಲ್ಲಿ ಪಹಣಿ, ಹದ್ದುಬಸ್ತು. ಇಲ್ಲಿ ಸಾತ್‌ಬಾರಾ, ಮೋಜಣಿ. ಪದ್ಧತಿಯೇ ಬೇರೆನಾ? — ಪಿಂಪ್ರಿಯ ಓದುಗರು

ಉತ್ತರ: ನಿಮ್ಮ ಊರು ವಿಜಯಪುರ, ಧಾರವಾಡ, ಬೆಳಗಾವಿ ಕಡೆಯದಾದರೆ ಬೇರು ಒಂದೇ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1836ರ ಹೊತ್ತಿಗೆ ನಮ್ಮ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಶುರುಮಾಡಿದ ಬಾಂಬೆ ಸರ್ವೆಯೇ ಆಮೇಲೆ ಅಲ್ಲಿಗೂ ಬಂತು. ಅದೇ ಸರಪಳಿ, ಅದೇ ಆಣೆ. ನಮ್ಮ ಹದ್ದುಬಸ್ತು ಇಲ್ಲಿ ಹದ್ ಕಾಯಂ. ನಮ್ಮ ಖರಾಬು ಇಲ್ಲಿ ಪೋಟ್‌ಖರಾಬಾ. ಇಂಡಿಯಲ್ಲಿ ಅಜ್ಜನ ಟಿಪ್ಪಣಿ ಓದಲು ಕಲಿತವನಿಗೆ ಇಂದಾಪುರದ ಟಿಪ್ಪಣಿ ಓದಲು ಕಷ್ಟವಾಗಲಿಲ್ಲ. ಹಳೇ ಮರಾಠಿ ಬರಹದ ಮೋಡಿ ಲಿಪಿ ಇದ್ದಾಗ ಮಾತ್ರ ಇವತ್ತಿಗೂ ಬೇರೆಯವರ ಹತ್ತಿರ ಓಡುತ್ತೇನೆ.

ಪ್ರಶ್ನೆ: ಭೂಮಿಯೇ ಸರಿಯುತ್ತದಂತೆ. ಹಾಗಾದರೆ ಹತ್ತು ವರ್ಷದ ಹಿಂದಿನ ಕೋಆರ್ಡಿನೇಟ್ ಈಗ ಕೆಲಸಕ್ಕೆ ಬರುತ್ತದಾ? — ಕೊಥ್ರೂಡ್‌ನ ವಿದ್ಯಾರ್ಥಿನಿ

ಉತ್ತರ: ಒಳ್ಳೇ ಪ್ರಶ್ನೆ. ಇದನ್ನು ಕೇಳುವ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ. ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಹತ್ತು ವರ್ಷಕ್ಕೆ ಅರ್ಧ ಮೀಟರ್. ಪಕ್ಕದವರ ಹೊಲವೂ ಜೊತೆಗೇ ಹೊರಟಿರುವುದರಿಂದ ಬದು ಬದಲಾಗುವುದಿಲ್ಲ. ಆದರೆ ಹಳೇ ಅಂಕಿ ಒಂದು ಲೆಕ್ಕದಲ್ಲಿ, ಹೊಸ ಅಂಕಿ ಇನ್ನೊಂದು ಲೆಕ್ಕದಲ್ಲಿ ಇದ್ದರೆ ಸುಳ್ಳೇ ಅರ್ಧ ಮೀಟರ್ ಒತ್ತುವರಿ ಕಾಣಿಸುತ್ತದೆ. ಅದಕ್ಕೇ ನಕ್ಷೆಯ ಮೂಲೆಯಲ್ಲಿ ಯಾವ ಡೇಟಮ್ (ಅಂಕಿಗಳಿಗೆ ಆಧಾರವಾದ ಚೌಕಟ್ಟು), ಯಾವ ಇಸವಿಯ ಲೆಕ್ಕ, ಯಾವ ಬೇಸ್ ಎಂದು ಬರೆಸಿಕೊಳ್ಳಬೇಕು. ಬರೀ ಅಂಕಿ ಇರುವ ನಕ್ಷೆ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಜಿಪಿಎಸ್ ಅಳತೆ ಆಗುತ್ತದಾ? — ಬಾರಾಮತಿಯ ಓದುಗರು

ಉತ್ತರ: ಮಳೆ, ಮೋಡ ಅಡ್ಡಿಯಲ್ಲ. ಕಬ್ಬು ಅಡ್ಡಿ. ಆಳೆತ್ತರ ಬೆಳೆದ ಒದ್ದೆ ಕಬ್ಬಿನೊಳಗೆ ಸಿಗ್ನಲ್‌ ಕುಂಟುತ್ತದೆ, ಕಲ್ಲು ಕಾಣುವುದಿಲ್ಲ, ಗರಿ ಮುಖಕ್ಕೆ ಕೊಯ್ಯುತ್ತದೆ. ಕಬ್ಬು ಕಡಿದ ಮೇಲೆ ಕರೆಯಿರಿ.